ಮಂಜುಗಡ್ಡೆ ಕರಗಿದ ಮಾತ್ರಕ್ಕೆ ಗೆಜ್ಜೆ ಬೆಳ್ಳಿಯದೆಂದು ನಂಬಬೇಡಿ

ನಮಸ್ಕಾರ. ನಿಮ್ಮ ಪ್ರಶ್ನೆ ಇಷ್ಟು: ಜಾತ್ರೆಯಲ್ಲಿ ಕೊಂಡ ಒಂದು ಜೊತೆ ಕಾಲುಗೆಜ್ಜೆ, ಅಜ್ಜಿಯಿಂದ ಬಂದ ಒಂದು ಕಡಗ. ಎರಡಕ್ಕೂ ಅಯಸ್ಕಾಂತ ಅಂಟಲಿಲ್ಲ, ಮೇಲಿಟ್ಟ ಮಂಜುಗಡ್ಡೆ ಬೇಗ ಕರಗಿತು, ಗೆಜ್ಜೆಯ ಕೊಂಡಿಯ ಮೇಲೆ 925, ಅಂದರೆ ನೂರಕ್ಕೆ 92.5 ಬೆಳ್ಳಿ, ಎಂಬ ಮುದ್ರೆಯೂ ಇದೆ. ಹಾಗಾದರೆ ಇವು ಅಪ್ಪಟ ಬೆಳ್ಳಿಯೇ? ನಿಮ್ಮ ಪ್ರಶ್ನೆಯ ಕೆಳಗೆ ಮೂವರು ‘ಹೌದು, ನಿಶ್ಚಿಂತೆಯಿಂದಿರಿ’ ಎಂದು ಬರೆದಿರುವುದನ್ನು ನೋಡಿ ಇಷ್ಟು ಉದ್ದ ಬರೆಯಲು ಕೂತಿದ್ದೇನೆ. ನೀವು ಮಾಡಿದ ಮೂರರಲ್ಲಿ ಯಾವುದೂ ಆ ಭರವಸೆಯನ್ನು ಕೊಡುವುದಿಲ್ಲ.

ಅಯಸ್ಕಾಂತಕ್ಕೆ ಅಂಟಿದರೆ ಒಳಗೆ ಕಬ್ಬಿಣವೋ ಉಕ್ಕೋ ಇದೆ ಎಂದು ತಿಳಿಯಬಹುದು. ಅಂಟದಿದ್ದರೆ ಏನೂ ತಿಳಿಯುವುದಿಲ್ಲ. ತಾಮ್ರ, ಹಿತ್ತಾಳೆ, ಸೀಸ, ಅಲ್ಯೂಮಿನಿಯಂ, ಬೆಳ್ಳಿಯಂತೆ ಕಾಣುವ ಮಿಶ್ರಲೋಹವಾದ ಜರ್ಮನ್ ಸಿಲ್ವರ್ ಯಾವುವೂ ಅಂಟುವುದಿಲ್ಲ. ಖೋಟಾ ಒಡವೆ ಮಾಡುವವರು ಬಳಸುವುದೂ ಇವನ್ನೇ. ಇನ್ನೊಂದು ಮಾತು, ಅಪ್ಪಟ ಬೆಳ್ಳಿಯ ಸರದ ಕೊಂಡಿಯೊಳಗೆ ಚಿಕ್ಕ ಉಕ್ಕಿನ ಸ್ಪ್ರಿಂಗ್ ಇರುವುದುಂಟು. ಅದು ಅಂಟಿತೆಂದು ಇಡೀ ಸರವನ್ನೇ ಖೋಟಾ ಎನ್ನಬೇಡಿ.

ಮಂಜುಗಡ್ಡೆಯ ಪರೀಕ್ಷೆಗೆ ಆಧಾರವಿಲ್ಲವೆಂದಲ್ಲ. ಲೋಹಗಳಲ್ಲೆಲ್ಲ ಶಾಖವನ್ನು ಅತಿ ಚೆನ್ನಾಗಿ ಸಾಗಿಸುವುದು ಬೆಳ್ಳಿ. ಆದರೆ ತಾಮ್ರ ಅದರ ಬೆನ್ನಿಗೇ ಇದೆ, ಕೈಯಲ್ಲಿ ಹಿಡಿದು ನೋಡುವವರಿಗೆ ವ್ಯತ್ಯಾಸ ಗೊತ್ತಾಗುವಷ್ಟಿಲ್ಲ. ಜರ್ಮನ್ ಸಿಲ್ವರ್ ಸಾಗಿಸುವುದು ಬೆಳ್ಳಿಯ ಸುಮಾರು ಹತ್ತನೇ ಒಂದು ಪಾಲು ಮಾತ್ರ, ಹಾಗಾಗಿ ದಪ್ಪ ತಟ್ಟೆಯಲ್ಲಿ ಅದು ಸಿಕ್ಕಿಬೀಳಬಹುದು. ಬೆಳ್ಳಿಯ ನೀರು ಕುಡಿಸಿದ ತಾಮ್ರದ ಗೆಜ್ಜೆ ಮಾತ್ರ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ.

ಕಪ್ಪಾಗುತ್ತದೆಯೇ ಎಂದು ನೋಡುವವರಿಗೂ ಇದೇ ಉತ್ತರ. ಗಾಳಿಯಲ್ಲಿರುವ ಗಂಧಕದ ಅಂಶ ತಗುಲಿ ಬೆಳ್ಳಿಯ ಮೇಲ್ಮೈ ಕಪ್ಪಾಗುತ್ತದೆ, ಲೇಪದ ಬೆಳ್ಳಿಯೂ ಬೆಳ್ಳಿಯೇ ಆದ್ದರಿಂದ ಅದೂ ಕಪ್ಪಾಗುತ್ತದೆ. ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರಿನಲ್ಲಿ ಅದ್ದಿದಾಗ ಬೆಳ್ಳಗಾಯಿತೆಂಬುದೂ ಮೇಲ್ಮೈಯ ಸಂಗತಿಯೇ. ಮತ್ತೊಂದೆಡೆ ಈಗಿನ ಎಷ್ಟೋ ಬೆಳ್ಳಿ ಉಂಗುರಗಳಿಗೆ ರೋಡಿಯಂ ಎಂಬ ಕಪ್ಪಾಗದ ಲೋಹದ ಲೇಪ ಇರುವುದರಿಂದ ಅವು ವರ್ಷಗಟ್ಟಲೆ ಕಪ್ಪಾಗುವುದಿಲ್ಲ.

ಮನೆಯಲ್ಲಿ ಮಾಡಲು ಯೋಗ್ಯವಾದ ಪರೀಕ್ಷೆ ನನ್ನ ಅನುಭವದಲ್ಲಿ ಒಂದೇ, ನೀರಿನಲ್ಲಿ ತೂಗುವುದು. ಒಡವೆಗೆ ಒಂದು ಗೀರೂ ಬೀಳುವುದಿಲ್ಲ, ಯಾವ ರಾಸಾಯನಿಕವೂ ಬೇಡ. 0.01 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಬೇಕು. ಒಂದೊಂದು ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಇದಕ್ಕೆ ಸಾಲದು, ಏಕೆಂದು ಮುಂದೆ ಲೆಕ್ಕದಲ್ಲೇ ಕಾಣುತ್ತದೆ.

ಮೊದಲು ಒಡವೆಯನ್ನು ತೊಳೆದು, ಚೆನ್ನಾಗಿ ಒಣಗಿಸಿ ತೂಗಿ ಬರೆದುಕೊಳ್ಳಿ. ಬಳಿಕ ಹಗುರವಾದ ಪ್ಲಾಸ್ಟಿಕ್ ಲೋಟದಲ್ಲಿ ಮುಕ್ಕಾಲು ನೀರು ತುಂಬಿ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಪಾತ್ರೆ ತೊಳೆಯುವ ದ್ರಾವಣದ ಒಂದು ಹನಿಯನ್ನು ಆ ನೀರಿಗೆ ಮೊದಲೇ ಬೆರೆಸಿಕೊಳ್ಳಿ, ಗೆಜ್ಜೆಯ ಕಿರುಗಂಟೆಗಳಿಗೆ ಅಂಟಿಕೊಳ್ಳುವ ಗಾಳಿಗುಳ್ಳೆಗಳು ಬಿಡುತ್ತವೆ. ಈಗ ಒಡವೆಯನ್ನು ತೆಳುವಾದ ದಾರಕ್ಕೆ ಕಟ್ಟಿ, ಪೂರ್ತಿ ಮುಳುಗುವಂತೆ ಇಳಿಬಿಡಿ. ತಳಕ್ಕಾಗಲಿ ಗೋಡೆಗಾಗಲಿ ತಾಗಬಾರದು, ತಾಗಿದರೆ ಇಡೀ ಲೆಕ್ಕ ಕೆಡುತ್ತದೆ. ಆಗ ತಕ್ಕಡಿ ತೋರಿಸುವ ಅಂಕಿ ಒಡವೆಯ ತೂಕವಲ್ಲ, ಅದು ಪಕ್ಕಕ್ಕೆ ಸರಿಸಿದ ನೀರಿನ ತೂಕ. ಒಂದು ಗ್ರಾಂ ನೀರು ಒಂದು ಘನ ಸೆಂಟಿಮೀಟರ್ ಆದ್ದರಿಂದ ಅದೇ ಒಡವೆಯ ಗಾತ್ರ. ಮೊದಲ ಅಂಕಿಯನ್ನು ಎರಡನೆಯದರಿಂದ ಭಾಗಿಸಿದರೆ ಸಾಂದ್ರತೆ ಬರುತ್ತದೆ.

ಅಪ್ಪಟ ಬೆಳ್ಳಿಗೆ 10.49 ಬರಬೇಕು. ತಾಮ್ರ ಬೆರೆಸಿದ 925ಕ್ಕೆ ಸುಮಾರು 10.36, ನೂರಕ್ಕೆ 80 ಬೆಳ್ಳಿ ಇದ್ದರೆ 10.1ರ ಆಸುಪಾಸು, ಅರ್ಧಕ್ಕರ್ಧ ಇದ್ದರೆ 9.7ರ ಸಮೀಪ. ತಾಮ್ರಕ್ಕೆ 8.96. ಜರ್ಮನ್ ಸಿಲ್ವರ್, ಹಿತ್ತಾಳೆ ಇವು 8.4ರಿಂದ 8.8ರ ನಡುವೆ ಬರುತ್ತವೆ. 10.5 ದಾಟಿದರೂ ಸಂತೋಷಪಡಬೇಡಿ, ಒಳಗೆ 11.34 ಸಾಂದ್ರತೆಯ ಸೀಸ ಇರಬಹುದು. ಉದಾಹರಣೆಗೆ 62.4 ಗ್ರಾಂ ತೂಗುವ ಒಂದು ಗೆಜ್ಜೆ 925 ಬೆಳ್ಳಿಯದಾದರೆ ಸುಮಾರು 6.0 ಗ್ರಾಂ ನೀರನ್ನು ಸರಿಸುತ್ತದೆ, ಜರ್ಮನ್ ಸಿಲ್ವರಿನದಾದರೆ 7.2. ವ್ಯತ್ಯಾಸ ಬರೀ ಒಂದು ಗ್ರಾಂ ಚಿಲ್ಲರೆ! ಅಡುಗೆಮನೆಯ ತಕ್ಕಡಿಯಲ್ಲಿ ಅದು ಕಳೆದೇಹೋಗುತ್ತದೆ. ಕಾಲುಂಗುರದಂಥ ಚಿಕ್ಕವಕ್ಕೆ 0.01 ಗ್ರಾಂ ತಕ್ಕಡಿಯಲ್ಲೂ ತಪ್ಪು ದೊಡ್ಡದಾಗುತ್ತದೆ, ಹಾಗಾಗಿ ಒಟ್ಟಿಗೆ ಕೊಂಡ ನಾಲ್ಕಾರನ್ನು ಒಂದೇ ದಾರಕ್ಕೆ ಪೋಣಿಸಿ ತೂಗಿ. ಒಡವೆ ಯಾವುದೇ ಆಗಲಿ, ಮೂರು ಸಲ ಅಳೆದು ಸರಾಸರಿ ತೆಗೆಯಿರಿ.

ನಿಮ್ಮ ಕೈ ಮತ್ತು ತಕ್ಕಡಿ ಸರಿಯಿದೆಯೇ ಎಂದು ನೋಡಲು, ಮನೆಯಲ್ಲಿ ವಿಕ್ಟೋರಿಯಾ ರಾಣಿಯದೋ ಐದನೇ ಜಾರ್ಜನದೋ ರೂಪಾಯಿ ನಾಣ್ಯಗಳಿದ್ದರೆ ಮೊದಲು ಅವನ್ನು ತೂಗಿ. ಆ ರೂಪಾಯಿ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ, ಅದರಲ್ಲಿ ಬೆಳ್ಳಿ ನೂರಕ್ಕೆ 91.7. ಒಂದು ನಾಣ್ಯ 1.13 ಗ್ರಾಂ ನೀರನ್ನು ಸರಿಸಬೇಕು. 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು, ಆ ನಂತರದವನ್ನು ಇದಕ್ಕೆ ಬಳಸಬೇಡಿ. ಈ ಹಳೆಯ ರೂಪಾಯಿಗಳನ್ನು ಕರಗಿಸಿ ಕಡಗ, ಉಡಿದಾರ ಮಾಡಿಸಿಕೊಂಡ ಮನೆಗಳು ಎಷ್ಟೋ ಇವೆ. ನಿಮ್ಮ ಅಜ್ಜಿಯ ಕಡಗವೂ ಹಾಗೆ ಹುಟ್ಟಿದ್ದಿರಬಹುದು.

ಆದರೆ ಆ ಕಡಗದ ವಿಷಯದಲ್ಲಿ ನಿಮ್ಮನ್ನು ಎಚ್ಚರಿಸಲೇಬೇಕು. ನಮ್ಮ ಮನೆಯಲ್ಲೂ ಅಜ್ಜಿಯ ಕಡಗವೊಂದಿದೆ. 74 ಗ್ರಾಂ ತೂಕ, ನೀರಿನಲ್ಲಿ ಸುಮಾರು 14. ಭಾಗಿಸಿದರೆ 5.3. ಯಾವ ಲೆಕ್ಕಕ್ಕೂ ಸಿಗದ ಅಂಕಿ. ‘ಇದು ಬೆಳ್ಳಿಯಲ್ಲ’ ಎಂದು ಅಮ್ಮನಿಗೆ ಹೇಳಿಬಿಟ್ಟೆ. ಅವರು ಒಂದೂ ಮಾತಾಡದೆ ಕಡಗವನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರು. ಎರಡು ತಿಂಗಳ ಮೇಲೆ ಮನೆಗೆ ಬಂದಿದ್ದ ವಯಸ್ಸಾದ ಪತ್ತಾರರು ಅದನ್ನು ಕೈಯಲ್ಲಿ ಹಿಡಿದು, ಉಗುರಿನಿಂದ ತಟ್ಟಿ, ‘ಒಳಗೆ ಅರಗು ತುಂಬಿದೆ, ಮೇಲಿನ ತಗಡು ಒಳ್ಳೆಯ ಬೆಳ್ಳಿ’ ಎಂದರು. ಟೊಳ್ಳು ಕಡಗ ನೆಗ್ಗಬಾರದೆಂದು ಅರಗು ತುಂಬುವುದು ಹಳೆಯ ಕ್ರಮ. ಅಮ್ಮನ ಮುಖ ಆ ದಿನ ಹೇಗಿತ್ತೆಂಬುದು ಇನ್ನೂ ನೆನಪಿದೆ, ಆದ್ದರಿಂದಲೇ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ. ಟೊಳ್ಳಾದದ್ದು, ಅರಗು ತುಂಬಿದ್ದು, ಕಲ್ಲು ಕೂರಿಸಿದ್ದು, ಮುಚ್ಚಿದ ಗುಂಡುಗಳಿರುವುದು, ಇವುಗಳಿಗೆ ನೀರಿನ ಪರೀಕ್ಷೆ ಸಲ್ಲುವುದಿಲ್ಲ. ಹಿರಿಯರ ಒಡವೆಗೆ ಕಡಿಮೆ ಅಂಕಿ ಬಂದರೆ ಮನೆಯವರಿಗೆ ಏನೂ ಹೇಳದೆ, ಮೊದಲು ತಿಳಿದವರಿಗೆ ತೋರಿಸಿ.

ತಕ್ಕಡಿ ಸಿಗುವವರೆಗೆ ಕಣ್ಣಿನಿಂದಲೂ ಬಹಳಷ್ಟು ತಿಳಿಯಬಹುದು. ಗೆಜ್ಜೆಯ ಕೊಂಡಿ, ಒಂದಕ್ಕೊಂದು ಉಜ್ಜುವ ಬಳೆಗಳ ಒಳಗಡೆ, ನೆಲಕ್ಕೆ ತಾಗುವ ಅಂಚು, ಕಾಲುಂಗುರದ ತಳ ಇವನ್ನು ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ನೋಡಿ. ಲೇಪ ಮೊದಲು ಸವೆಯುವುದು ಅಲ್ಲೇ. ಕೆಂಪು ಕಂಡರೆ ತಾಮ್ರ, ಹಳದಿ ಕಂಡರೆ ಹಿತ್ತಾಳೆ. ಬೆಸುಗೆಯ ಜಾಗದಲ್ಲಷ್ಟೇ ಹಳದಿ ಛಾಯೆ ಇದ್ದರೆ ಗಾಬರಿ ಬೇಡ, ಬೆಸುಗೆಯಲ್ಲಿ ತಾಮ್ರ, ಸತು ಇರುತ್ತವೆ. ಜರ್ಮನ್ ಸಿಲ್ವರ್ ಮಾತ್ರ ಸವೆದರೂ ಬೆಳ್ಳಗೇ ಕಾಣುತ್ತದೆ. ಹೆಸರಿನಲ್ಲಿ ಸಿಲ್ವರ್ ಇದ್ದರೂ ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ, ಬೆಳ್ಳಿಯ ಒಂದು ಕಣವೂ ಇಲ್ಲ. ಅರಿಶಿನ ಕುಂಕುಮದ ಬಟ್ಟಲಿಗೆ ಅದು ಇರಲಿ, ಮಕ್ಕಳ ಕಾಲಿಗೆ, ಸೊಂಟಕ್ಕೆ ಹಾಕಬೇಡಿ. ನಿಕ್ಕಲ್ ಅನೇಕರ ಚರ್ಮಕ್ಕೆ ಆಗಿಬರುವುದಿಲ್ಲ, ತುರಿಕೆ, ಗುಳ್ಳೆ ಏಳುತ್ತವೆ.

ಒಬ್ಬರು ನೈಟ್ರಿಕ್ ಆಮ್ಲ ಹಾಕಿ ನೋಡಿ ಎಂದಿದ್ದಾರೆ. ದಯವಿಟ್ಟು ಬೇಡ. ಒಡವೆಯನ್ನು ಅರದಿಂದ ಗೀಚಿ ಹಾಕಬೇಕು, ಏಳುವ ಹೊಗೆ ಶ್ವಾಸಕೋಶವನ್ನು ಸುಡುತ್ತದೆ, ಹನಿ ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು. ಕೆಂಪು ಬಣ್ಣ ಬರಿಸುವ ಪರೀಕ್ಷಾ ದ್ರಾವಣದಲ್ಲಿರುವ ಡೈಕ್ರೋಮೇಟ್ ಕ್ಯಾನ್ಸರ್ ತರುವಂಥದ್ದು. ಬ್ಲೀಚ್ ಹಾಕುವುದೂ ಒಡವೆಯನ್ನು ಹಾಳುಮಾಡುವ ದಾರಿಯೇ.

ಇನ್ನು ಮುದ್ರೆಯ ವಿಷಯ. ಬರೀ 925 ಎಂಬ ಅಂಕಿಯನ್ನು ಯಾರು ಬೇಕಾದರೂ ಒತ್ತಬಹುದು, ಅದು ಹಾಲ್‌ಮಾರ್ಕ್, ಅಂದರೆ ಪರೀಕ್ಷಿಸಿ ಒತ್ತಿದ ಅಧಿಕೃತ ಶುದ್ಧತೆಯ ಮುದ್ರೆ, ಅಲ್ಲ. ಬೆಳ್ಳಿಗೆ ಹಾಲ್‌ಮಾರ್ಕ್ ಕಡ್ಡಾಯ ಮಾಡದಿದ್ದರೂ 2025ರ ಸೆಪ್ಟೆಂಬರ್ 1ರಿಂದ ಹಾಲ್‌ಮಾರ್ಕ್ ಇರುವ ಬೆಳ್ಳಿಗೆ ಸಿಲ್ವರ್ ಎಂಬ ಪದ ಸಹಿತ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಶುದ್ಧತೆಯ ಅಂಕಿ, ಜೊತೆಗೆ ಆ ಒಡವೆಗೇ ಮೀಸಲಾದ, ಆರು ಅಕ್ಷರ ಅಂಕಿಗಳ ಎಚ್‌ಯುಐಡಿ ಸಂಕೇತ ಇರುವ ಕ್ರಮ ಬಂದಿದೆ. ಆ ಸಂಕೇತವನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಹಾಕಿ ನೋಡಬಹುದು.

ನೀರಿನ ಪರೀಕ್ಷೆ ‘ಇದು ಬೆಳ್ಳಿಯ ಜಾತಿಯೇ’ ಎಂಬುದಕ್ಕೆ ಉತ್ತರ ಕೊಡುತ್ತದೆ, ವ್ಯಾಪಾರಿಗಳು ಹೇಳುವ ಟಚ್ ಅಥವಾ ಟಂಚ್, ಅಂದರೆ ನೂರಕ್ಕೆ ಎಷ್ಟು ಬೆಳ್ಳಿ ಎಂಬ ಪ್ರಮಾಣ, ಎಷ್ಟೆಂದು ನಿಖರವಾಗಿ ಹೇಳಲಾರದು. ತಮಿಳುನಾಡಿನ ಸೇಲಂ, ಮಹಾರಾಷ್ಟ್ರದ ಹುಪರಿ ಕಡೆಯಿಂದ ಬರುವಂಥ ಗೆಜ್ಜೆಗಳಲ್ಲಿ ನೂರಾರು ಬೆಸುಗೆಗಳಿರುವುದರಿಂದ ಕರಗಿಸಿದಾಗ ಟಚ್ ಇಳಿಯುತ್ತದೆ. ಅದು ತನ್ನಷ್ಟಕ್ಕೆ ಮೋಸವಲ್ಲ, ಕೊಳ್ಳುವಾಗ ಅಧಿಕ ಟಚ್ ಹೇಳಿ ಹಣ ತೆಗೆದುಕೊಂಡಿದ್ದರೆ ಮೋಸ. ಅಂಗಡಿಯಲ್ಲಿ ಕ್ಷಕಿರಣದ ಯಂತ್ರದ ಕೆಳಗಿಟ್ಟು ನೋಡುವಾಗ ಅದು ಮೇಲ್ಪದರವನ್ನಷ್ಟೇ ಓದುತ್ತದೆಂಬುದು ನೆನಪಿರಲಿ. ಕಾಣದ ಮೂಲೆಯಲ್ಲಿ ಸ್ವಲ್ಪ ಉಜ್ಜಿ, ಉಜ್ಜಿದ ಜಾಗವನ್ನೇ ಓದಿಸಲು ಕೇಳಿ. ಬೇರೆ ಬೇರೆ ಎರಡು ಕಡೆ ಓದಿಸಿದರೆ ಒಳ್ಳೆಯದು.

ಕಡಗವನ್ನು ಸದ್ಯಕ್ಕೆ ಹಾಗೇ ಬಿಡಿ, ಅದರ ಬೆಸುಗೆಯ ಗೆರೆ ಕಾಣುವಂತೆ ಒಂದು ಚಿತ್ರ ಹಾಕಿ. ಗೆಜ್ಜೆಯ ಒಣ ತೂಕ, ನೀರಿನಲ್ಲಿ ಬಂದ ತೂಕ, ಈ ಎರಡು ಅಂಕಿಗಳನ್ನು ಇಲ್ಲೇ ಬರೆಯಿರಿ, ಒಟ್ಟಿಗೆ ಕೂತು ಲೆಕ್ಕ ಹಾಕೋಣ. ಗಂಟೆಗಳು ಮುಚ್ಚಿದವೋ ತೆರೆದವೋ ಎಂಬುದನ್ನೂ ತಿಳಿಸಿ.