ಪ್ರದರ್ಶನಕ್ಕೆ ಪಾಪಾಸುಕಳ್ಳಿ ಬೇಡ, ತಂಗಡಿ ಬಂದರಿಕೆ ಇಡಿ

ನಮಸ್ಕಾರ ಮೇಡಂ. ಮಧುಗಿರಿ ಕಡೆಯ ನಿಮ್ಮ ಶಾಲೆಯಲ್ಲಿ ಒಣನೆಲದ ಗಿಡಗಳ ಪ್ರದರ್ಶನ ಮಾಡ್ತಿದ್ದೀವಿ, ಪಾಪಾಸುಕಳ್ಳಿಯನ್ನೇ ಮುಂದೆ ಇಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಬೇಲಿಗಳಲ್ಲಿ ಕಾಣುತ್ತದೆ ನಿಜ, ಆದರೆ ಅದು ಅಮೆರಿಕದ ಕಡೆಯಿಂದ ಬಂದದ್ದು. ಬಳ್ಳಾರಿ ಜಾಲಿ, ಲಂಟಾನ ಕೂಡ ಹಾಗೆಯೇ. ಇವಕ್ಕೆ ಬೇರೆ ಮೇಜು ಹಾಕಿ, 'ಹೊರಗಿನಿಂದ ಬಂದವು' ಅಂತ ಬರೆಸಿ.

ಮುಂದೆ ಇಡಬೇಕಾದದ್ದು ನಮ್ಮದೇ ಒಣನೆಲದ ಪೊದೆಗಿಡಗಳಾದ ತಂಗಡಿ (ಆವರಿಕೆ) ಮತ್ತು ಬಂದರಿಕೆ. ಬಂದರಿಕೆಯ ಎಲೆಯನ್ನು ಮಕ್ಕಳ ಕೈಗೇ ಕೊಡಿ. ಬೆರಳಿಗೆ ಅಂಟಂಟು ಹತ್ತುತ್ತದೆ, ಬಿಸಿಲಿಗೆ ಹಿಡಿದರೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಎಲೆಯ ನೀರು ಬೇಗ ಆರದಂತೆ ತಡೆಯುವುದೇ ಆ ಅಂಟು. ಕಾಯಿಗೆ ತೆಳುವಾದ ರೆಕ್ಕೆಗಳಿವೆ. ಒಣಗಿದ ಕಾಯಿ ಒಂದು ಹಿಡಿ ಗಾಳಿಗೆ ತೂರಿ ತೋರಿಸಿ, ಮಕ್ಕಳು ಮರೆಯುವುದಿಲ್ಲ. ತಂಗಡಿಯ ತೊಗಟೆಯಿಂದ ಹಿಂದೆ ಚರ್ಮ ಹದ ಮಾಡುತ್ತಿದ್ದರು. ಅದು ಗೊತ್ತಿರುವ ಹಿರಿಯರು ಊರಲ್ಲಿದ್ದರೆ ಕರೆದು ಕೂರಿಸಿ, ಅವರೇ ಮಾತಾಡಲಿ. ನಿಮ್ಮದು ಗಡಿ ಸೀಮೆ ಅಲ್ವಾ, ತೆಲುಗಿನ ತಂಗೇಡು ಅನ್ನುವ ಹೆಸರನ್ನೂ ಚೀಟಿಯಲ್ಲಿ ಬರೆಯಿರಿ.

ಕಳ್ಳಿ ಬೇಕೇ ಬೇಕು ಅಂದರೆ ನಮ್ಮ ಚದುರಗಳ್ಳಿ ಇದೆ. ಆದರೆ ಯಾರೂ ಮುರಿಯದ ಹಾಗೆ ನೋಡಿಕೊಳ್ಳಿ, ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯ ಜಾಸ್ತಿ.

ಗುಡ್ಡದಿಂದ ಗಿಡ ಕಿತ್ತು ತರಬೇಡಿ, ಸುಮ್ನೆ ಒಣಗಿ ಹೋಗುತ್ತವೆ. ರೆಂಬೆ, ಕಾಯಿ, ಬೀಜ ಸಾಕು. ಮುಂದಿನ ವಾರವೇ ಸಾಧ್ಯವಾದರೆ ಮಕ್ಕಳನ್ನು ಮೈದನಹಳ್ಳಿಯ ಕೃಷ್ಣಮೃಗಗಳ ಹುಲ್ಲುಗಾವಲಿಗೂ ಒಮ್ಮೆ ಕರೆದುಕೊಂಡು ಹೋಗಿ. ಬೆಳಿಗ್ಗೆ ಬೇಗ ಹೊರಡಿ.