ಒಂಬತ್ತು ಬಾಟಲಿ ಜಾಮ್ ಉಳಿದಿದೆ, ಏನು ಮಾಡಲಿ?

ಪ್ರಶ್ನೆ: ತವರಿಂದ ಎರಡು ಚೀಲ ಪೇರಲಹಣ್ಣು ಬಂತು. ಹುಮ್ಮಸ್ಸಿನಲ್ಲಿ ಅಷ್ಟನ್ನೂ ಜಾಮ್ ಮಾಡಿಬಿಟ್ಟೆ. ಒಂಬತ್ತು ಬಾಟಲಿ ಹಾಗೇ ಇವೆ, ಜೊತೆಗೆ ಅತ್ತೆ ಹಾಕಿದ ನೆಲ್ಲಿಕಾಯಿ ಮೊರಬ್ಬ ಒಂದು ಭರಣಿ. ಮಕ್ಕಳು ಬ್ರೆಡ್ಡು ಕಂಡರೆ ಮುಖ ತಿರುಗಿಸುತ್ತವೆ. ಒಂದು ಬಾಟಲಿಯಲ್ಲಿ ಬಿಳಿ ಬೂಷ್ಟು ಕಟ್ಟಿದೆ. ಅಷ್ಟು ತೆಗೆದು ಉಳಿದದ್ದು ಬಳಸಬಹುದಾ ಅಕ್ಕಾ?
– ಗೃಹಿಣಿ, ಹೊಸದುರ್ಗ

ಉತ್ತರ: ಬೂಷ್ಟಿನ ಬಾಟಲಿ ಪೂರ್ತಿ ಚೆಲ್ಲಿಬಿಡಿ ತಂಗಿ. ಮೇಲೆ ಕಂಡಿದ್ದು ಸ್ವಲ್ಪವೇ, ಅದು ಕಣ್ಣಿಗೆ ಕಾಣದಂತೆ ಒಳಗೂ ಇಳಿದಿರುತ್ತೆ. ಹೊಟ್ಟೆ ಉರಿಯುತ್ತೆ, ಗೊತ್ತು. ನಾನೂ ಒಮ್ಮೆ ಸಕ್ಕರೆಯಲ್ಲಿ ಜುಗ್ಗತನ ಮಾಡಿದ್ದೆ. ನಮ್ಮ ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಜಾಮ್ ಹುಳಿತು, ಮುಚ್ಚಳ ತಿರುಗಿಸಿದ್ದೇ ತಡ ಬುಸ್ ಅಂತ ನೊರೆ ಸೀರೆ ಮೇಲೆ! ಹಣ್ಣಿನದೂ ಸೇರಿ ನೂರಕ್ಕೆ 65 ಭಾಗದಷ್ಟು ಸಕ್ಕರೆ ಅಂಶ ಇದ್ದರೇ ಜಾಮ್ ಹೊರಗೆ ತಾಳುವುದು. ಕಮ್ಮಿ ಹಾಕಿದ್ದರೆ ಇವತ್ತೇ ಫ್ರಿಜ್ಜಿಗೆ ಸೇರಿಸಿ.

ಉಳಿದ ಎಂಟನ್ನು ಜಾಮ್ ಅಂತ ನೋಡಲೇಬೇಡಿ. ಬೆಲ್ಲ, ಹುಣಸೆ ಎರಡೂ ಬೆರೆತ ಡಬ್ಬಿ ಅಂದುಕೊಳ್ಳಿ, ಅರ್ಧ ಚಿಂತೆ ಕಳೆಯುತ್ತೆ.

ನಮ್ಮ ಮನೆಯಲ್ಲಿ ಜಾಮ್ ಖಾಲಿಯಾಗುವುದು ಮಂಡಕ್ಕಿ ಮೆಣಸಿನಕಾಯಿ ಜೊತೆ. ಆರು ಬ್ಯಾಡಗಿ ಮೆಣಸಿನಕಾಯಿ ಬಿಸಿನೀರಲ್ಲಿ ನೆನೆಸಿ, ನಾಲ್ಕು ಎಸಳು ಬೆಳ್ಳುಳ್ಳಿ, ಚಿಟಿಕೆ ಜೀರಿಗೆ ಹಾಕಿ ನುಣ್ಣಗೆ ರುಬ್ಬಿ. ನಾಲ್ಕು ದೊಡ್ಡ ಚಮಚ ಜಾಮ್, ಅರ್ಧ ಲೋಟ ನೀರು, ಉಪ್ಪು ಸೇರಿಸಿ ಸಣ್ಣ ಉರಿಯಲ್ಲಿ ಕುದಿಸಿ. ಮೊದಲು ಜಾಮ್ ಗಂಟುಗಂಟಾಗಿ ತೇಲುತ್ತೆ, ಹೆದರಬೇಡಿ, ಸೌಟಿನ ಬೆನ್ನಲ್ಲಿ ಒತ್ತುತ್ತಾ ಹೋದರೆ ಕರಗಿ ಚಟ್ನಿ ಕೆಂಪಗೆ ಹೊಳೆಯುತ್ತೆ. ಒಲೆ ಆರಿಸಿ ಅರ್ಧ ನಿಂಬೆಹಣ್ಣು ಹಿಂಡಿ. ಬಿಸಿ ಮಿರ್ಚಿ ಅದರಲ್ಲಿ ಅದ್ದಿ ಕೊಟ್ಟರೆ ಮಕ್ಕಳಿಗೆ ಇದು ಜಾಮ್ ಅಂತ ಗೊತ್ತೇ ಆಗಲ್ಲ. ನೀವೂ ಹೇಳಬೇಡಿ.

ಕೇಸರಿಬಾತಿಗೂ ಆಗುತ್ತೆ. ಒಂದು ಲೋಟ ರವೆಗೆ ಅರ್ಧ ಲೋಟ ಜಾಮ್ ಹಾಕಿ, ಸಕ್ಕರೆ ಅಷ್ಟಕ್ಕಷ್ಟೇ ಕಮ್ಮಿ ಮಾಡಿ. ರವೆ ನೀರಲ್ಲಿ ಪೂರ್ತಿ ಬೆಂದ ಮೇಲೇ ಹಾಕಬೇಕು, ಮೊದಲೇ ಸುರಿದರೆ ರವೆ ಬಿರುಸಾಗಿ ಉಳಿಯುತ್ತೆ. ಬಿಸಿ ಹಾಲಿಗೆ ಮಾತ್ರ ಬೆರೆಸಬೇಡಿ, ಹುಳಿಗೆ ಒಡೆಯುತ್ತೆ.

ಮೊರಬ್ಬದ ಪಾಕ ಶರಬತ್ತಿಗೆ ಸರಿ: ತಣ್ಣೀರು, ನಿಂಬೆ, ಚೂರು ಉಪ್ಪು. ನೆಲ್ಲಿಕಾಯಿಯನ್ನು ಬೀಜ ಬಿಡಿಸಿ ಹೆಚ್ಚಿ, ತೆಂಗಿನತುರಿ, ಹಸಿಮೆಣಸು, ಸಾಸಿವೆ ರುಬ್ಬಿ ಮೊಸರಿಗೆ ಕಲಸಿ. ಸಿಹಿ ಸಾಸಿವೆ ನಿಮ್ಮತ್ತೆಗೆ ಹಿಡಿಸುತ್ತೋ ಇಲ್ಲವೋ, ಮೊದಲು ಒಂದು ಬಟ್ಟಲಷ್ಟೇ ಮಾಡಿ ನೋಡಿ.