ಸಿವಿಸಿಆರ್‌ಎಂ ಸಮುದಾಯದ ಸುದ್ದಿಗಳನ್ನು ಸಣ್ಣ ಸಂಸ್ಥೆಯವರೂ ಓದಬೇಕಾ?

ನಿಮ್ಮ ಪ್ರಶ್ನೆ ಇದು: ನಿಮ್ಮದೊಂದು ಸಣ್ಣ ಸೇವಾ ಸಂಸ್ಥೆ. ದಾನಿಗಳು, ಸದಸ್ಯರು, ಸ್ವಯಂಸೇವಕರ ವಿವರಗಳೆಲ್ಲ ಸಿವಿಸಿಆರ್‌ಎಂ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿವೆ. ಅದನ್ನು ಹಾಕಿಕೊಟ್ಟ ಸ್ವಯಂಸೇವಕರು ಈಗ ನಿಮ್ಮ ಜೊತೆ ಇಲ್ಲ. ಲಾಗಿನ್ ಆದರೆ ಮೊದಲ ಪುಟದಲ್ಲೇ ಸಮುದಾಯದ ಸುದ್ದಿಗಳ ಪಟ್ಟಿ ಕಾಣುತ್ತದೆ. ಹೊಸ ಆವೃತ್ತಿ, ಸಮ್ಮೇಳನ, ಎಕ್ಸ್‌ಟೆನ್ಷನ್ (ಬೇಕಾದರೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ), ದೇಣಿಗೆ ಮನವಿ, ಹೀಗೆ. ಇದನ್ನೆಲ್ಲ ಓದಬೇಕಾ, ಸುಮ್ನೆ ಬಿಟ್ಟರೆ ಏನಾಗುತ್ತದೆ?

ಓದಬೇಕು. ಆದರೆ ಎಲ್ಲವನ್ನೂ ಅಲ್ಲ. ನಾನು ಕೆಲವು ಸಂಸ್ಥೆಗಳ ಸಿವಿಸಿಆರ್‌ಎಂ ನೋಡಿಕೊಳ್ಳುತ್ತೇನೆ, ಹಾಗಾಗಿ ಈ ಪಟ್ಟಿಯನ್ನು ತಪ್ಪದೆ ನೋಡುತ್ತೇನೆ. ದುಡ್ಡು ಕೊಟ್ಟು ತಂದ ಸಾಫ್ಟ್‌ವೇರ್ ಆದರೆ ಮಾರಿದ ಕಂಪನಿಯೇ ಫೋನ್ ಮಾಡಿ ಹೇಳುತ್ತದೆ, ಎಷ್ಟೋ ಸಲ ಅಪ್‌ಗ್ರೇಡ್ ಕೂಡ ತಾನೇ ಮಾಡಿಬಿಡುತ್ತದೆ. ಇಲ್ಲಿ ಸಾಫ್ಟ್‌ವೇರ್ ನಿಮ್ಮ ಸರ್ವರ್‌ನಲ್ಲಿದೆ, ಅದರ ಜವಾಬ್ದಾರಿಯೂ ನಿಮ್ಮದೇ. ಏನೋ ಬದಲಾಗುತ್ತಿದೆ ಎಂದು ನಿಮಗೆ ತಿಳಿಯುವ ಮುಖ್ಯ ದಾರಿ ಆ ಸುದ್ದಿಯೇ.

ಮೊದಲು ನೋಡಬೇಕಾದ್ದು ಭದ್ರತೆಯ ಸುದ್ದಿ. ಸಿವಿಸಿಆರ್‌ಎಂ ಹೊಸ ಆವೃತ್ತಿ ತಿಂಗಳಿಗೊಂದು ಬರುತ್ತದೆ, ಸಾಮಾನ್ಯವಾಗಿ ತಿಂಗಳ ಮೊದಲ ಬುಧವಾರ. ಭದ್ರತಾ ದೋಷ ಸರಿಪಡಿಸಿದ್ದರೆ ಅದನ್ನು ಬೇರೆಯಾಗಿಯೇ ಪ್ರಕಟಿಸುತ್ತಾರೆ. ಒಂದು ದೋಷ ಪ್ರಕಟವಾಯಿತು ಅಂದರೆ ಅದು ನಿಮಗೆ ಎಷ್ಟು ತಿಳಿಯಿತೋ ಕೆಡುಕು ಬಯಸುವವರಿಗೂ ಅಷ್ಟೇ ತಿಳಿಯಿತು. ನಿಮ್ಮ ಡೇಟಾಬೇಸ್‌ನಲ್ಲಿ ಇರುವುದು ಜನರ ಹೆಸರು, ವಿಳಾಸ, ಫೋನ್ ನಂಬರು, ಯಾರು ಎಷ್ಟು ಕೊಟ್ಟರು ಎಂಬ ಲೆಕ್ಕ. ನಂಬಿ ಕೊಟ್ಟ ವಿವರ ಅದು. ಹಾಗಾಗಿ ಇಂಥ ಸುದ್ದಿ ಬಂದ ವಾರದಲ್ಲೇ ಅಪ್‌ಗ್ರೇಡ್ ಆಗಬೇಕು. ಪ್ರತಿ ತಿಂಗಳು ಅಪ್‌ಗ್ರೇಡ್ ಮಾಡಲು ಜನ ಇಲ್ಲ ಎಂದಾದರೆ ಇಎಸ್ಆರ್ (ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ರಿಲೀಸ್) ಎಂಬ ಸರಣಿ ಇದೆ. ಅದರಲ್ಲಿ ಹೊಸ ಸೌಲಭ್ಯ ಬರುವುದಿಲ್ಲ, ಭದ್ರತೆಯ ಮತ್ತು ಮುಖ್ಯ ದೋಷಗಳ ತಿದ್ದುಪಡಿ ಮಾತ್ರ ಕೆಲವು ತಿಂಗಳು ಬರುತ್ತಿರುತ್ತದೆ. ಸಣ್ಣ ಸಂಸ್ಥೆಗೆ ಇದು ಒಳ್ಳೆಯ ದಾರಿ ಎಂದೇ ನನ್ನ ಅಭಿಪ್ರಾಯ.

ಎರಡನೆಯದು, ಸಿವಿಸಿಆರ್‌ಎಂ ಯಾವುದರ ಮೇಲೆ ನಿಂತಿದೆಯೋ ಅದರ ಸುದ್ದಿ. ಜಾಸ್ತಿ ಜನ ಬಿಟ್ಟುಬಿಡುವುದು ಇದನ್ನೇ. ನಿಮ್ಮದು ಡ್ರೂಪಲ್ ಮೇಲಿದೆಯೋ, ವರ್ಡ್‌ಪ್ರೆಸ್ ಮೇಲಿದೆಯೋ, ಜೂಮ್ಲಾ ಅಥವಾ ಬ್ಯಾಕ್‌ಡ್ರಾಪ್ ಮೇಲಿದೆಯೋ ಮೊದಲು ತಿಳಿದುಕೊಳ್ಳಿ. ಇವೆಲ್ಲ ವೆಬ್‌ಸೈಟ್ ನಡೆಸುವ ತಂತ್ರಾಂಶಗಳು. ಡ್ರೂಪಲ್ 7 ಆಗಿದ್ದರೆ ತಡಮಾಡಬೇಡಿ. ಅದಕ್ಕೆ ಡ್ರೂಪಲ್ ಸಮುದಾಯದ ಬೆಂಬಲ 2025ರ ಜನವರಿ 5ಕ್ಕೆ ಮುಗಿಯಿತು. ಎಷ್ಟೋ ಸಂಸ್ಥೆಗಳ ಸಿವಿಸಿಆರ್‌ಎಂ ವರ್ಷಗಟ್ಟಲೆ ಅದರ ಮೇಲೇ ಓಡುತ್ತಿತ್ತು. ಕೆಲವರು ಹೊಸ ಡ್ರೂಪಲ್‌ಗೆ ಹೋದರು, ಕೆಲವರು ಬ್ಯಾಕ್‌ಡ್ರಾಪ್‌ಗೆ, ಕೆಲವರು ವರ್ಡ್‌ಪ್ರೆಸ್‌ಗೆ. ಈಗ ಯಾವ ವೆಬ್‌ಸೈಟ್ ತಂತ್ರಾಂಶವೂ ಬೇಡದ ಸ್ಟ್ಯಾಂಡ್‌ಅಲೋನ್ ಸಿವಿಸಿಆರ್‌ಎಂ ಕೂಡ ಇದೆ. ವೆಬ್‌ಸೈಟ್ ಬೇರೆ ಕಡೆ ಇದ್ದು, ಸಂಪರ್ಕಗಳ ದಾಖಲೆಗೆ ಮಾತ್ರ ಇದನ್ನು ಬಳಸುವವರಿಗೆ ನನಗೆ ತುಂಬ ಇಷ್ಟವಾದ ಬೆಳವಣಿಗೆ ಅದು. ನೋಡಿಕೊಳ್ಳಬೇಕಾದ ವಸ್ತು ಎರಡರ ಬದಲು ಒಂದಾಗುತ್ತದೆ, ಅಲ್ವಾ? ಸಿವಿಸಿಆರ್‌ಎಂ ಬರೆದಿರುವ ಪ್ರೋಗ್ರಾಮಿಂಗ್ ಭಾಷೆ ಪಿಎಚ್‌ಪಿಯ ಕಥೆಯೂ ಹೀಗೇ. ಹಳೆಯ ಪಿಎಚ್‌ಪಿಗೆ ಬೆಂಬಲ ನಿಲ್ಲಿಸುವ ಮೊದಲು ಸಿವಿಸಿಆರ್‌ಎಂ ತಂಡ ಹೇಳುತ್ತದೆ. ಆ ಸಾಲು ಕಂಡ ದಿನವೇ ನಿಮ್ಮ ಸರ್ವರ್‌ನಲ್ಲಿ ಯಾವ ಪಿಎಚ್‌ಪಿ ಇದೆ ಎಂದು ಹೋಸ್ಟಿಂಗ್‌ನವರನ್ನು ಕೇಳಿ.

ಹೊರಗಿನ ನಿಯಮ ಬದಲಾದಾಗಲೂ ಈ ಸುದ್ದಿಗಳು ಕೈಹಿಡಿಯುತ್ತವೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಒಟ್ಟಿಗೆ ಸಾವಿರಾರು ಮೇಲ್ ಕಳಿಸುವವರಿಗೆ ನಿಯಮ ಬಿಗಿ ಮಾಡಿದವು. ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ಮೇಲ್ ನಿಜವಾಗಿ ತಮ್ಮ ಡೊಮೇನ್‌ನದೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಸೆಟ್ಟಿಂಗನ್ನೂ ಇಟ್ಟಿರಬೇಕು, ಒಂದೇ ಕ್ಲಿಕ್‌ನಲ್ಲಿ ಪಟ್ಟಿಯಿಂದ ಹೊರಹೋಗಲು ಅವಕಾಶ ಕೊಡಬೇಕು. ಆ ಒಂದು ಕ್ಲಿಕ್ಕಿನ ಸೌಲಭ್ಯ ಸಿವಿಸಿಆರ್‌ಎಂನಲ್ಲಿ ಮೇಲ್ ಕಳಿಸುವ ಭಾಗವಾದ ಸಿವಿಮೇಲ್‌ಗೂ ಬಂತು. ಆದರೆ ಬಂದದ್ದು ಹೊಸ ಆವೃತ್ತಿಗಳಿಗೆ. ಡೊಮೇನ್‌ನ ಆ ಮೂರು ಸೆಟ್ಟಿಂಗನ್ನು ಮಾತ್ರ ಯಾವ ಅಪ್‌ಗ್ರೇಡೂ ಮಾಡಿಕೊಡುವುದಿಲ್ಲ, ಅದನ್ನು ನೀವೇ ಮಾಡಿಸಬೇಕು. ನಿಮ್ಮ ಪಟ್ಟಿ ಚಿಕ್ಕದಾದರೂ ಇದನ್ನು ಮಾಡಿಸಿಕೊಳ್ಳಿ. ಇಲ್ಲದಿದ್ದರೆ ದಾನಿಗಳಿಗೆ ಕಳಿಸಿದ ಮೇಲ್ ಸ್ಪ್ಯಾಮ್‌ಗೆ ಹೋಗಿ ಬೀಳುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಇನ್ನು ಪ್ರತಿ ತಿಂಗಳ ರಿಲೀಸ್ ನೋಟ್ಸ್, ಅಂದರೆ ಆ ಆವೃತ್ತಿಯಲ್ಲಿ ಏನೇನು ಬದಲಾಯಿತು ಎಂಬ ಪಟ್ಟಿ. ಉದ್ದ ನೋಡಿ ಹೆದರಬೇಡಿ. ಅದು ವಿಭಾಗಗಳಾಗಿ ಇರುತ್ತದೆ. ನೀವು ಬಳಸುವುದು ದೇಣಿಗೆಯ ಸಿವಿಕಾಂಟ್ರಿಬ್ಯೂಟ್ ಮತ್ತು ಸದಸ್ಯತ್ವದ ಸಿವಿಮೆಂಬರ್ ಮಾತ್ರವಾದರೆ ಆ ಎರಡು ಭಾಗ ಓದಿ, ಉಳಿದದ್ದು ಬಿಡಿ. ನಾನು ಓದುವಾಗ ಕೈಯಲ್ಲಿ ನಮ್ಮ ಎಕ್ಸ್‌ಟೆನ್ಷನ್‌ಗಳ ಪಟ್ಟಿ ಇಟ್ಟುಕೊಳ್ಳುತ್ತೇನೆ, ಯಾಕೆಂದರೆ ಅಪ್‌ಗ್ರೇಡ್ ಆದಮೇಲೆ ಕೈಕೊಡುವುದು ಹೆಚ್ಚಾಗಿ ಅವೇ. ಆಮೇಲೆ ಪೂರ್ತಿ ಬ್ಯಾಕಪ್ ತೆಗೆದು, ಅದರದೇ ನಕಲಿನ ಮೇಲೆ ಅಪ್‌ಗ್ರೇಡ್ ಮಾಡುತ್ತೇನೆ. ನಕಲಿನಿಂದ ಮೇಲ್ ಹೊರಹೋಗದಂತೆ ಮೊದಲೇ ತಡೆಯುವುದು ಮುಖ್ಯ, ಇಲ್ಲದಿದ್ದರೆ ನಿಗದಿತ ಕೆಲಸಗಳು ಓಡಿ ನಿಜವಾದ ದಾನಿಗಳಿಗೇ ಜ್ಞಾಪನೆ ಹೋಗಬಹುದು. ನಕಲಿನಲ್ಲಿ ಒಂದು ಪರೀಕ್ಷಾ ದೇಣಿಗೆ ನಮೂದಿಸಿ ರಸೀದಿ ತೆರೆದು ನೋಡುತ್ತೇನೆ. ಮೊತ್ತ, ತಾರೀಖು, ಹೆಸರಿನ ಅಕ್ಷರಗಳು ಸರಿ ಬಂದಿವೆಯಾ? ಒಬ್ಬರದೇ ಎರಡು ದಾಖಲೆ ಇದ್ದರೆ ಒಂದುಗೂಡಿಸಿ, ಎರಡೂ ಕಡೆಯ ದೇಣಿಗೆಗಳು ಒಂದೇ ಹೆಸರಿನಡಿ ಬಂದವಾ ಎಂದು ಎಣಿಸುತ್ತೇನೆ. ಇಷ್ಟು ಸರಿಯಿದ್ದರೆ ಮಾತ್ರ ನಿಜವಾದ ಸೈಟ್ ಮುಟ್ಟುತ್ತೇನೆ.

ಆವೃತ್ತಿಯ ಅಂಕಿ ನೋಡಿ ಗಾಬರಿಯಾಗುವವರೂ ಇದ್ದಾರೆ. 2018ರಲ್ಲಿ 5.0 ಬಂತು, 2025ರಲ್ಲಿ 6.0 ಬಂತು. ಅಂಕಿ ಬದಲಾಯಿತು ಎಂದು ಎಲ್ಲ ಬುಡಮೇಲಾಗಿಲ್ಲ. ಬದಲಾವಣೆ ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪವೇ ಆಗುತ್ತಾ ಬಂದಿದೆ. ಸರ್ಚ್‌ಕಿಟ್ ಮತ್ತು ಫಾರ್ಮ್‌ಬಿಲ್ಡರ್ ಎರಡನ್ನು ಮಾತ್ರ ಬಿಡುವು ಮಾಡಿಕೊಂಡು ಕಲಿಯಿರಿ. ಮೊದಲು ಡೆವಲಪರ್ ಬೇಕಾಗುತ್ತಿದ್ದ ಎಷ್ಟೋ ಪಟ್ಟಿ, ವರದಿ, ಅರ್ಜಿಗಳನ್ನು ಈಗ ಇವುಗಳಿಂದ ಕಚೇರಿಯವರೇ ಮಾಡಿಕೊಳ್ಳಬಹುದು.

ಸಮ್ಮೇಳನದ ಸುದ್ದಿಗಳನ್ನು ಓದದೆ ಬಿಟ್ಟರೂ ನಷ್ಟವಿಲ್ಲ. ದೇಣಿಗೆ ಮನವಿಗಳನ್ನು ಮಾತ್ರ ಹಾಗೆ ದಾಟಿಹೋಗಬೇಡಿ ಎಂದು ಕೇಳಿಕೊಳ್ಳುತ್ತೇನೆ. ಸಾಫ್ಟ್‌ವೇರ್ ಎಜಿಪಿಎಲ್ 3 ಎಂಬ ಮುಕ್ತ ತಂತ್ರಾಂಶ ಪರವಾನಗಿಯಲ್ಲಿ ಉಚಿತ. ಆದರೆ ತಿಂಗಳು ತಿಂಗಳೂ ಅದನ್ನು ಪರೀಕ್ಷಿಸಿ ಹೊರತರುವ ತಂಡ ಚಿಕ್ಕದು, ಅದು ನಡೆಯುವುದು ಸದಸ್ಯ ಸಂಸ್ಥೆಗಳು, ಪಾಲುದಾರರು, ದಾನಿಗಳ ಹಣದಿಂದ. ಮೇಕ್ ಇಟ್ ಹ್ಯಾಪನ್ ಎಂಬ ಹೆಸರಿನಲ್ಲಿ ಒಂದೊಂದು ಸೌಲಭ್ಯಕ್ಕೂ ಹಣ ಕೂಡಿಸುವುದುಂಟು. ನಿಮಗೆ ಬೇಕಾದ್ದೇ ಆ ಪಟ್ಟಿಯಲ್ಲಿ ಇದ್ದರೆ ಕೈಲಾದಷ್ಟು ಕೊಡಿ. ವಿಕಿಮೀಡಿಯ ಫೌಂಡೇಷನ್‌ನಂಥ ದೊಡ್ಡ ಸಂಸ್ಥೆ ತನ್ನ ದಾನಿಗಳ ದಾಖಲೆಗೆ ಸಿವಿಸಿಆರ್‌ಎಂ ಬಳಸುತ್ತದೆ. ಅಲ್ಲಿಯ ಡೆವಲಪರ್‌ಗಳು ಮಾಡಿದ ಸುಧಾರಣೆಗಳು ಮೂಲ ಕೋಡ್‌ಗೇ ಸೇರಿ ನಿಮ್ಮ ಸೈಟಿಗೂ ಬರುತ್ತವೆ. ಹಣ ಇಲ್ಲದಿದ್ದರೆ ಬೇರೆ ಕೆಲಸ ಬೇಕಾದಷ್ಟಿದೆ. ಕಂಡ ದೋಷವನ್ನು, ಅದು ಯಾವ ಹೆಜ್ಜೆಗಳಲ್ಲಿ ಬರುತ್ತದೆ ಎಂದು ಬರೆದು ದೋಷಗಳನ್ನು ದಾಖಲಿಸುವ ಸಿವಿಸಿಆರ್‌ಎಂನ ಗಿಟ್‌ಲ್ಯಾಬ್ ತಾಣಕ್ಕೆ ಹಾಕಿ. ಟ್ರಾನ್ಸಿಫೆಕ್ಸ್ ಎಂಬ ಅನುವಾದ ತಾಣದಲ್ಲಿ ಪರದೆಯ ಮಾತುಗಳನ್ನು ಅನುವಾದ ಮಾಡಿ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಇವತ್ತೇ ಲಾಗಿನ್ ಆಗಿ ಪುಟದ ಅಡಿಯಲ್ಲಿರುವ ಆವೃತ್ತಿಯ ಸಂಖ್ಯೆ ಬರೆದುಕೊಳ್ಳಿ. ಸಿಸ್ಟಮ್ ಸ್ಟೇಟಸ್ ಪುಟ ತೆರೆದು ಅಲ್ಲಿರುವ ಎಚ್ಚರಿಕೆಗಳನ್ನು ಹಾಗೇ ನಕಲು ಮಾಡಿ, ಜೊತೆಗೆ ಪಿಎಚ್‌ಪಿ ಆವೃತ್ತಿ, ಎಕ್ಸ್‌ಟೆನ್ಷನ್‌ಗಳ ಹೆಸರು. ಅದನ್ನು ಇಲ್ಲಿ ಹಾಕಿದರೆ ಯಾವುದನ್ನು ಮೊದಲು ಮಾಡಬೇಕು ಎಂದು ಹೇಳುತ್ತೇನೆ. ದಾನಿಗಳ ಹೆಸರಾಗಲಿ ಪಾಸ್‌ವರ್ಡ್ ಆಗಲಿ ಅದರಲ್ಲಿ ಸೇರದಂತೆ ನೋಡಿಕೊಳ್ಳಿ.